ಜ್ವರವೇ ಬಾರದ ಕರುವಿಗೆ ರಕ್ತನಂಜು ಹೇಗಾಯಿತು?

ಪ್ರಶ್ನೆ: ನಮ್ಮ ಕೊಟ್ಟಿಗೆಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ಹಸುಗಳು ಈದವು. ಮೊದಲ ಕರುವಿಗೆ ಹನ್ನೆರಡನೇ ದಿನ ಕೆಮ್ಮು ಬಂದು 40.7 ಡಿಗ್ರಿ ಸೆಲ್ಸಿಯಸ್ ಜ್ವರ ಏರಿತು. ಚಿಕಿತ್ಸೆಯಾದ ಮೇಲೆ ಮೂರೇ ದಿನಗಳಲ್ಲಿ ಚೇತರಿಸಿಕೊಂಡಿತು. ಎರಡನೆಯದು ಕಷ್ಟದ ಹೆರಿಗೆಯ ಕರು. ರಾತ್ರಿ ಹುಟ್ಟಿದ್ದು ಬೆಳಗಿನವರೆಗೂ ಎದ್ದು ನಿಲ್ಲಲಿಲ್ಲ, ಗಿಣ್ಣು ಹಾಲು ಅದರ ಹೊಟ್ಟೆ ಸೇರಿದ್ದು ಮಧ್ಯಾಹ್ನ. ಮೂರನೇ ದಿನ ಸಂಜೆ ಹಾಲು ಬಿಟ್ಟಿತು. ಥರ್ಮಾಮೀಟರ್ ಇಟ್ಟು ನೋಡಿದರೆ 38.4. ಜ್ವರವಿಲ್ಲ, ಬೆಳಿಗ್ಗೆ ನೋಡೋಣ ಎಂದುಕೊಂಡೆವು. ಬೆಳಿಗ್ಗೆ 36.1ಕ್ಕೆ ಇಳಿದಿತ್ತು. ಕಿವಿ, ಕಾಲು ತಣ್ಣಗಾಗಿದ್ದವು, ಉಸಿರು ನಡುನಡುವೆ ನಿಂತು ನಿಂತು ಬರುತ್ತಿತ್ತು, ಎದೆಬಡಿತ ನಿಮಿಷಕ್ಕೆ 70 ಮಾತ್ರ. ಶಕ್ತಿ ಬರಲೆಂದು ಬಾಟಲಿಯಿಂದ ಹಾಲು ಹೊಯ್ದೆವು, ಹೊಟ್ಟೆ ಉಬ್ಬಿತು. ವೈದ್ಯರು ಬಂದು ಹೊಕ್ಕುಳಿನ ಸೋಂಕು ರಕ್ತಕ್ಕೆ ಏರಿದೆ ಎಂದರು. ಮಧ್ಯಾಹ್ನಕ್ಕೆ ಕರು ಸತ್ತಿತು. ಜ್ವರವೇ ಇಲ್ಲದೆ ನಂಜು ಏರುವುದು ಹೇಗೆ? ಸೋಂಕಾದರೆ ಎದೆಬಡಿತ ಹೆಚ್ಚಬೇಕಲ್ಲವೇ, ಕಡಿಮೆಯಾದದ್ದೇಕೆ? ಮುಂದೆ ಜ್ವರದ ಔಷಧಿಯನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕೇ? ನಮ್ಮ ನಾಯಿಯೂ ಗಬ್ಬವಾಗಿದೆ; ಮರಿಗಳಿಗೂ ಇದೇ ಮಾತು ಅನ್ವಯಿಸುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ; ಅವುಗಳ ಕೆಳಗೆ ನೀವು ಕೇಳದೆ ಬಿಟ್ಟ ಐದನೆಯದೊಂದು ನನಗೆ ಕಾಣಿಸುತ್ತಿದೆ. ಆ ಸಂಜೆ 38.4 ಎಂಬ ಅಂಕಿಯನ್ನು ನಂಬಿ ಕಾದದ್ದರಿಂದಲೇ ಕರು ಹೋಯಿತೇ ಎಂಬುದು. ಅದಕ್ಕೇ ಮೊದಲು ಉತ್ತರಿಸಿಬಿಡುತ್ತೇನೆ. ಆ ರಾತ್ರಿಯೇ ಚಿಕಿತ್ಸೆ ಆರಂಭವಾಗಿದ್ದರೆ ಕರುವಿಗೆ ಹೆಚ್ಚಿನ ಅವಕಾಶ ಇರುತ್ತಿತ್ತು. ಉಳಿದೇ ಉಳಿಯುತ್ತಿತ್ತು ಎಂದು ಹೇಳಲಾರೆ, ಏಕೆಂದರೆ ಅದರ ತೊಂದರೆ ಶುರುವಾದದ್ದು ಮೂರನೇ ದಿನವಲ್ಲ, ಹುಟ್ಟಿದ ರಾತ್ರಿ. ಥರ್ಮಾಮೀಟರ್ ಸುಳ್ಳು ಹೇಳಲಿಲ್ಲ. ಅದು ಹೇಳಿದ್ದನ್ನು ನೀವು ಬೆಳೆದ ದನದ ಲೆಕ್ಕದಲ್ಲಿ ಓದಿದಿರಿ, ಅಷ್ಟೆ. ವೃತ್ತಿಗೆ ಬಂದ ಹೊಸದರಲ್ಲಿ ನಾನೂ ಹಾಗೆಯೇ ಓದಿದ್ದೇನೆ. ಎರಡು ದಿನದ ಕರುವೊಂದಕ್ಕೆ ಜ್ವರವಿಲ್ಲವೆಂದು ಮನೆಯವರಿಗೆ ಧೈರ್ಯ ಹೇಳಿ ಹೊರಟು, ಮರುದಿನ ಅದರ ಬಾಯೊಳಗೆ ಬೆರಳಿಟ್ಟಾಗ ನಾಲಿಗೆ ಒದ್ದೆ ಬಟ್ಟೆಯ ತುಂಡಿನಂತೆ ತಣ್ಣಗೆ, ಸಡಿಲವಾಗಿ ಬಿದ್ದಿದ್ದುದು ಇಂದಿಗೂ ನೆನಪಿದೆ. ಅಂದಿನಿಂದ ಎಳೆಗರುವನ್ನು ನೋಡಲು ಹೋದಾಗ ಥರ್ಮಾಮೀಟರಿಗಿಂತ ಮೊದಲು ನನ್ನ ಬೆರಳು ಅದರ ಬಾಯಿಗೆ ಹೋಗುತ್ತದೆ.

ಜ್ವರವೆಂದರೆ ಸೋಂಕಿನ ಬಿಸಿ ತಾನಾಗಿ ಮೈಗೆ ಹರಡುವುದು ಎಂಬ ಭಾವನೆ ಬಹಳ ಜನರಲ್ಲಿದೆ. ಅದು ಹಾಗಲ್ಲ. ಜ್ವರ ದೇಹವು ಶ್ರಮಪಟ್ಟು ಮಾಡುವ ಒಂದು ಕೆಲಸ. ರೋಗಾಣುಗಳನ್ನು ಎದುರಿಸುವ ಬಿಳಿ ರಕ್ತಕಣಗಳು ಕೆಲವು ಸಂದೇಶವಾಹಕ ವಸ್ತುಗಳನ್ನು ರಕ್ತಕ್ಕೆ ಬಿಡುತ್ತವೆ. ಇಂಟರ್‌ಲ್ಯೂಕಿನ್‌ಗಳು ಇವುಗಳಲ್ಲಿ ಮುಖ್ಯವಾದವು. ಇವುಗಳ ಪ್ರಭಾವದಿಂದ ಮೆದುಳಿನಲ್ಲಿ ಪ್ರೊಸ್ಟಾಗ್ಲಾಂಡಿನ್ ಇ2 ಎಂಬ ವಸ್ತು ತಯಾರಾಗಿ, ಹೈಪೊಥಲಾಮಸ್ ಎಂಬ ಭಾಗದಲ್ಲಿರುವ ಉಷ್ಣನಿಯಂತ್ರಣ ಕೇಂದ್ರದ ಗುರಿಯನ್ನು ಮೇಲಕ್ಕೆ ಏರಿಸುತ್ತದೆ. ಗುರಿ ಏರಿದ ಮಾತ್ರಕ್ಕೆ ಮೈ ಬಿಸಿಯಾಗುವುದಿಲ್ಲ. ಅಲ್ಲಿಂದ ಹೊರಟ ಆಜ್ಞೆ ಸ್ವಾಯತ್ತ ನರವ್ಯೂಹದ ಮೂಲಕ, ಅಂದರೆ ನಮ್ಮ ಇಚ್ಛೆಯನ್ನು ಕೇಳದೆ ಹೃದಯ, ಉಸಿರು, ರಕ್ತನಾಳ, ಕರುಳುಗಳನ್ನು ನಡೆಸುವ ನರಗಳ ಮೂಲಕ, ಕೆಳಗೆ ಇಳಿಯಬೇಕು: ಚರ್ಮದ ರಕ್ತನಾಳಗಳು ಕುಗ್ಗಬೇಕು, ಬಿಸಿ ಹುಟ್ಟಿಸಲೆಂದೇ ಮೈಯಲ್ಲಿರುವ ಕಂದು ಕೊಬ್ಬು ಉರಿಯಬೇಕು, ಜೊತೆಗೆ ಸ್ನಾಯುಗಳು ನಡುಗಬೇಕು. ದೇಹದ ಉಷ್ಣಾಂಶ ಒಂದು ಡಿಗ್ರಿ ಏರಬೇಕಾದರೆ ಶಕ್ತಿಯ ಬಳಕೆ ಸುಮಾರು ಶೇ. 10ರಿಂದ 13ರಷ್ಟು ಹೆಚ್ಚಾಗುತ್ತದೆ.

ಕಿವಿ ತಣ್ಣಗಿದ್ದರೆ ಜ್ವರವಿಲ್ಲ ಎಂಬ ನಂಬಿಕೆ ತಪ್ಪೆಂಬುದೂ ಇದರಿಂದಲೇ ತಿಳಿಯುತ್ತದೆ. ಜ್ವರ ಏರುತ್ತಿರುವ ಹೊತ್ತಿನಲ್ಲಿ ಚರ್ಮದ ರಕ್ತನಾಳಗಳು ಕುಗ್ಗಿರುವುದರಿಂದ ಕಿವಿ, ಕಾಲುಗಳು ತಣ್ಣಗೇ ಇರುತ್ತವೆ, ಒಳಗೆ 40 ದಾಟಿರುತ್ತದೆ. ರಕ್ತದ ಒತ್ತಡ ಕುಸಿಯುತ್ತಿರುವ ಕರುವಿನ ಕಿವಿಯೂ ತಣ್ಣಗಿರುತ್ತದೆ. ಎರಡನ್ನೂ ಕೈಯಿಂದ ಮುಟ್ಟಿ ಬೇರ್ಪಡಿಸಲಾಗದು. ಆದ್ದರಿಂದಲೇ ಗುದದ್ವಾರದ ಉಷ್ಣಾಂಶ ಬೇಕು, ಅದೊಂದೇ ಸಾಲದು ಎನ್ನುವುದು ಮುಂದಿನ ಮಾತು.

ನಿಮ್ಮ ಮೊದಲ ಕರುವಿಗೆ ಹನ್ನೆರಡು ದಿನವಾಗಿತ್ತು, ಹೊಟ್ಟೆ ತುಂಬ ಹಾಲು ಕುಡಿಯುತ್ತಿತ್ತು, ಮೈಯಲ್ಲಿ ಉರಿಸಲು ಇಂಧನವಿತ್ತು, ಆಜ್ಞೆಯನ್ನು ಒಯ್ಯುವ ನರಗಳು ಪಳಗಿದ್ದವು. ಅದರ 40.7 ಡಿಗ್ರಿ ಜ್ವರ ನಿಮಗೆ ಗಾಬರಿ ಹುಟ್ಟಿಸಿರಬಹುದು. ನನಗೆ ಅದು ಗಟ್ಟಿಯಾದ ಕರುವಿನ ಗುರುತು. ಮೂರು ದಿನದ ಕರುವಿನಲ್ಲಿ ಈ ಸರಪಳಿಯ ಪ್ರತಿ ಕೊಂಡಿಯೂ ಸಡಿಲವಾಗಿರುತ್ತದೆ. ಹುಟ್ಟಿದ ಹೊಸದರಲ್ಲಿ ಕುರಿಮರಿಗಳಿಗೆ ಬ್ಯಾಕ್ಟೀರಿಯಾದ ವಿಷವನ್ನು ಚುಚ್ಚಿದರೂ ದೊಡ್ಡ ಕುರಿಗಳಂತೆ ಜ್ವರ ಬರುವುದಿಲ್ಲವೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಕುರಿಗಳಲ್ಲಿ ಹೆರಿಗೆಯ ಆಸುಪಾಸಿನ ದಿನಗಳಲ್ಲಿ ತಾಯಿಗೂ ಜ್ವರದ ಪ್ರತಿಕ್ರಿಯೆ ಮಂದವಾಗಿರುತ್ತದೆ. ವಾಸೊಪ್ರೆಸಿನ್ ಎಂಬ ಹಾರ್ಮೋನು ಮೆದುಳಿನೊಳಗೆ ಜ್ವರವನ್ನು ತಗ್ಗಿಸುವುದು ಇದಕ್ಕೊಂದು ಕಾರಣ. ಇಂಧನದ ಮಾತಿಗೆ ಬಂದರೆ, ಕರು ಮತ್ತು ಕುರಿಮರಿಗಳು ಕಂದು ಕೊಬ್ಬನ್ನು ಹೊತ್ತುಕೊಂಡೇ ಹುಟ್ಟುತ್ತವೆ, ಆದರೆ ಹಾಲು ಸಿಗದಿದ್ದರೆ ಅದು ಒಂದು ದಿನ ಬಾಳುವುದೂ ಕಷ್ಟ. ಹಂದಿಮರಿಗಳಿಗಂತೂ ಕಂದು ಕೊಬ್ಬೇ ಇಲ್ಲ. ಅವು ನಡುಗಿಯೇ ಬೆಚ್ಚಗಾಗಬೇಕು.

ಇಷ್ಟನ್ನು ಇಟ್ಟುಕೊಂಡು ನಿಮ್ಮ ಎರಡನೇ ಕರುವಿನ 38.4ನ್ನು ಮತ್ತೊಮ್ಮೆ ನೋಡಿ. ಎಳೆಗರುವಿನ ಸಹಜ ಉಷ್ಣಾಂಶ 38.5ರಿಂದ 39.5ರ ಆಸುಪಾಸು. ಸೋಂಕು ಗುರಿಯನ್ನು ಮೇಲಕ್ಕೆ ತಳ್ಳುತ್ತಿತ್ತು, ದೇಹಕ್ಕೆ ಅಲ್ಲಿಗೆ ಏರುವ ತ್ರಾಣವಿರಲಿಲ್ಲ. ಈ ಹಗ್ಗಜಗ್ಗಾಟದ ನಡುವೆ ಒಂದು ಗಳಿಗೆ ಸಿಕ್ಕ ಅಂಕಿ ಅದು. ಆರೋಗ್ಯವಾಗಿರುವ ಕರುವಿನ 38.4 ಮತ್ತು ಹಾಲು ಬಿಟ್ಟ ಕರುವಿನ 38.4 ಒಂದೇ ಅಲ್ಲ. ರಕ್ತನಂಜಾದ ಎಳೆಗರುಗಳನ್ನು ಸಾಲಾಗಿ ನಿಲ್ಲಿಸಿದರೆ ಕೆಲವಕ್ಕೆ ಜ್ವರ, ಕೆಲವಕ್ಕೆ ಸಹಜ ಉಷ್ಣಾಂಶ, ಕೆಲವಕ್ಕೆ ಸಹಜಕ್ಕಿಂತ ಕಡಿಮೆ ಇರುತ್ತದೆ. ಜ್ವರ ಇದ್ದರೆ ಸೋಂಕನ್ನು ಹುಡುಕಬೇಕು, ನಿಜ. ಇಲ್ಲದಿದ್ದರೆ ಸೋಂಕಿಲ್ಲ ಎಂದು ಮೊದಲ ವಾರದಲ್ಲಿ ಯಾರೂ ಹೇಳುವಂತಿಲ್ಲ.

ಎದೆಬಡಿತದ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಆ 70 ಎಂಬ ಅಂಕಿಯೇ. ಎಳೆಗರುವಿನ ಹೃದಯ ನಿಮಿಷಕ್ಕೆ ಸಾಮಾನ್ಯವಾಗಿ 100ರಿಂದ 140 ಬಾರಿ ಬಡಿಯುತ್ತದೆ. ಬೆಳೆದ ಪ್ರಾಣಿಯ ಹೃದಯ ಅಗತ್ಯ ಬಿದ್ದಾಗ ಎರಡು ರೀತಿಯಲ್ಲಿ ಹೆಚ್ಚು ರಕ್ತ ಕಳಿಸಬಲ್ಲದು: ಬೇಗ ಬಡಿದು, ಅಥವಾ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳಿ. ನವಜಾತ ಹೃದಯದ ಸ್ನಾಯು ಬಿಗಿಯಾಗಿರುವುದರಿಂದ ಎರಡನೆಯ ದಾರಿ ಅದಕ್ಕೆ ಬಹುಮಟ್ಟಿಗೆ ಮುಚ್ಚಿರುತ್ತದೆ. ಅದು ಬಡಿತದ ವೇಗವನ್ನೇ ನಂಬಿ ಬದುಕುತ್ತದೆ. ಸೋಂಕಿನ ಆರಂಭದಲ್ಲಿ ಬಡಿತ ಏರುವುದು ನಿಜ, ಮೂರನೇ ದಿನ ಮಧ್ಯಾಹ್ನ ಎಣಿಸಿದ್ದರೆ ಬಹುಶಃ 150 ದಾಟಿರುತ್ತಿತ್ತು. ಆಮೇಲೆ ಇಳಿಯತೊಡಗಿದ್ದು ನಂಜು ಶಮನವಾಗಿ ಅಲ್ಲ. ತಣ್ಣಗಾದ ಹೃದಯದ ಬಡಿತ ಹುಟ್ಟಿಸುವ ಕೇಂದ್ರವೇ ನಿಧಾನವಾಗುತ್ತದೆ. ರಕ್ತದ ಸಕ್ಕರೆ ಕುಸಿದರೂ, ಆಮ್ಲಜನಕ ಸಾಲದಿದ್ದರೂ ಹಾಗೆಯೇ. ರಕ್ತ ಆಮ್ಲೀಯವಾಗಿ ಪೊಟ್ಯಾಸಿಯಂ ಏರಿದರೆ ಹೃದಯದ ವಿದ್ಯುತ್ ಹರಿವೇ ತೊಡಕಾಗಿ ಬಡಿತ ಇಳಿಯುತ್ತದೆ. ತೀವ್ರ ಭೇದಿಯ ಕರುಗಳಲ್ಲಿ ಇದನ್ನು ನಾವು ಆಗಾಗ ನೋಡುತ್ತೇವೆ. ನಿಮ್ಮ ಕರುವಿನಲ್ಲಿ ಇವುಗಳಲ್ಲಿ ಎರಡು ಮೂರಾದರೂ ಒಟ್ಟಿಗೆ ಇದ್ದಿರಬೇಕು. ಓಡಿ ದಣಿದಿದ್ದ ಎದೆ ಈಗ ಶಾಂತವಾಯಿತು ಎಂದು ಮನೆಯವರು ಸಮಾಧಾನಪಟ್ಟುಕೊಂಡ ಹೊತ್ತಿನಲ್ಲೇ ನಾನು ಹಲವು ಬಾರಿ ಗಾಬರಿಯಾಗಿದ್ದೇನೆ.

ಇದೇ ವಿಷಯದಲ್ಲಿ ಮನುಷ್ಯ ಶಿಶುಗಳಿಂದ ಕಲಿತ ಪಾಠವೊಂದಿದೆ. ಆರೋಗ್ಯವಾದ ಹೃದಯ ಗಡಿಯಾರದಂತೆ ಸಮವಾಗಿ ಬಡಿಯುವುದಿಲ್ಲ. ಬಡಿತವನ್ನು ನಿಧಾನಗೊಳಿಸುವ ವೇಗಸ್ ನರ ಮತ್ತು ಚುರುಕುಗೊಳಿಸುವ ಸಿಂಪಥೆಟಿಕ್ ನರಗಳು ಒಂದನ್ನೊಂದು ಎಳೆಯುತ್ತಿರುವುದರಿಂದ ಎರಡು ಬಡಿತಗಳ ನಡುವಿನ ಅಂತರ ಕ್ಷಣಕ್ಷಣಕ್ಕೂ ಒಂದಿಷ್ಟು ಬದಲಾಗುತ್ತಲೇ ಇರುತ್ತದೆ. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳಲ್ಲಿ ರಕ್ತನಂಜಿನ ಹೊರಗಿನ ಲಕ್ಷಣಗಳು ಕಾಣುವ ಎಷ್ಟೋ ಗಂಟೆ ಮೊದಲೇ ಈ ಏರಿಳಿತ ಸತ್ತು, ನಡುವೆ ಕ್ಷಣಿಕವಾಗಿ ಬಡಿತ ಕುಸಿಯತೊಡಗುತ್ತದೆಂದು ಗೊತ್ತಾಯಿತು. ಇದನ್ನು ಯಂತ್ರದಿಂದ ಸತತವಾಗಿ ಅಳೆದು ವೈದ್ಯರಿಗೆ ತೋರಿಸುವ ಪ್ರಯೋಗವನ್ನು ಅತಿ ಕಡಿಮೆ ತೂಕದ 3,003 ಶಿಶುಗಳಲ್ಲಿ ಮಾಡಿ 2011ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಸಾವಿನ ಪ್ರಮಾಣ ಶೇ. 10.2ರಿಂದ 8.1ಕ್ಕೆ ಇಳಿದಿತ್ತು. ಕೊಟ್ಟಿಗೆಗೆ ಅಂಥ ಯಂತ್ರ ಬೇಕೆಂದು ಹೇಳುತ್ತಿಲ್ಲ. ಸೋಂಕು ಮೊದಲು ಹೋಗಿ ಮುಟ್ಟುವುದು ಈ ನರಗಳ ಹತೋಟಿಯನ್ನು, ಉಷ್ಣಾಂಶ ಬದಲಾಗುವುದು ಎಷ್ಟೋ ಸಲ ಅದರ ನಂತರ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಉಸಿರು ನಿಂತು ನಿಂತು ಬಂದದ್ದಕ್ಕೂ ಇಲ್ಲೇ ಉತ್ತರವಿದೆ. ಹೈಪೊಥಲಾಮಸ್‌ನಲ್ಲಿ ಜ್ವರದ ಗುರಿ ಏರಿಸುವ ಅದೇ ಪ್ರೊಸ್ಟಾಗ್ಲಾಂಡಿನ್ ಇ2, ನವಜಾತ ಪ್ರಾಣಿಯ ಮೆದುಳುಕಾಂಡದಲ್ಲಿರುವ ಉಸಿರಾಟದ ಕೇಂದ್ರವನ್ನು ಮಂಕು ಮಾಡುತ್ತದೆ. ನವಜಾತ ಇಲಿಗಳಿಗೆ ಇಂಟರ್‌ಲ್ಯೂಕಿನ್-1 ಬೀಟಾ ಕೊಟ್ಟಾಗ ಉಸಿರಾಟ ಕುಗ್ಗಿ, ಆಮ್ಲಜನಕವಿಲ್ಲದ ಸ್ಥಿತಿಯಿಂದ ಚೇತರಿಸಿಕೊಳ್ಳುವ ಶಕ್ತಿಯೂ ತಗ್ಗಿದ್ದನ್ನು ಪ್ರಯೋಗಗಳು ತೋರಿಸಿವೆ. ಅಂದರೆ ಮೈ ಬಿಸಿಯಾಗದಿದ್ದರೂ ಸೋಂಕಿನ ಸಂದೇಶ ಮೆದುಳನ್ನು ತಲುಪಿರುತ್ತದೆ, ಜ್ವರದ ಬದಲು ಉಸಿರಿನ ತಡವರಿಕೆಯಾಗಿ ಹೊರಗೆ ಕಾಣುತ್ತದೆ. ಜೊತೆಗೆ ಇನ್ನೊಂದು ದೌರ್ಬಲ್ಯವಿದೆ. ಆಮ್ಲಜನಕ ಕಡಿಮೆಯಾದರೆ ಬೆಳೆದ ಪ್ರಾಣಿ ಜೋರಾಗಿ ಉಸಿರಾಡುತ್ತಲೇ ಇರುತ್ತದೆ. ನವಜಾತ ಪ್ರಾಣಿ ಒಂದೆರಡು ನಿಮಿಷ ಜೋರಾಗಿ ಉಸಿರಾಡಿ, ಬಳಿಕ ಮೊದಲಿಗಿಂತಲೂ ಮಂದವಾಗುತ್ತದೆ.

ಈಗ ಬಾಟಲಿಯ ಹಾಲು. ಇದನ್ನು ಬರೆಯುವಾಗ ನಿಮ್ಮನ್ನು ನೋಯಿಸುವ ಉದ್ದೇಶ ನನಗಿಲ್ಲ, ಮುಂದಿನ ಕರುವಿಗೆ ಬೇಕಾದ ಮಾತೆಂದು ಹೇಳುತ್ತೇನೆ. ಕರು ಚೀಪುವಾಗ ವೇಗಸ್ ನರದ ಪ್ರತಿವರ್ತನದಿಂದ, ಅಂದರೆ ತಾನಾಗಿ ನಡೆಯುವ ಪ್ರತಿಕ್ರಿಯೆಯಿಂದ, ಅನ್ನನಾಳದ ತುದಿಯಲ್ಲಿರುವ ತೋಡು ಕೊಳವೆಯಂತೆ ಮುಚ್ಚಿಕೊಂಡು, ಹಾಲು ದೊಡ್ಡ ಹೊಟ್ಟೆಯನ್ನು ತಪ್ಪಿಸಿ ನೇರವಾಗಿ ನಾಲ್ಕನೇ ಹೊಟ್ಟೆಗೆ ಹೋಗುತ್ತದೆ. ಚೀಪುವ ಶಕ್ತಿಯೇ ಹೋದ ಕರುವಿಗೆ ಹಾಲು ಹೊಯ್ದರೆ ತೋಡು ಮುಚ್ಚುವುದಿಲ್ಲ. ಹಾಲು ದೊಡ್ಡ ಹೊಟ್ಟೆಗೆ ಬಿದ್ದು ಕೊಳೆಯುತ್ತದೆ. ಮೈ ತಣ್ಣಗಾದಾಗ ಕರುಳಿನ ಚಲನೆಯೂ ನಿಂತಿರುವುದರಿಂದ ಅಲ್ಲಿಂದ ಮುಂದಕ್ಕೆ ಸಾಗುವುದೂ ಇಲ್ಲ. ನೀವು ನೋಡಿದ ಉಬ್ಬರ ಅದೇ. ಅದಕ್ಕಿಂತ ದೊಡ್ಡ ಅಪಾಯ ಗಂಟಲಿನಲ್ಲಿದೆ: ನವಜಾತ ಪ್ರಾಣಿಯ ಧ್ವನಿಪೆಟ್ಟಿಗೆಗೆ ದ್ರವದ ಹನಿ ತಾಗಿದರೆ ಕೆಮ್ಮುವುದರ ಬದಲು ಉಸಿರು ನಿಂತು ಎದೆಬಡಿತ ಇಳಿಯುತ್ತದೆ. ಹಂದಿಮರಿಗಳ ಮೇಲಿನ ಪ್ರಯೋಗಗಳಲ್ಲಿ ದೇಹದ ಉಷ್ಣಾಂಶ ಏರಿಸಿದಾಗ ಈ ಪ್ರತಿವರ್ತನ ಇನ್ನೂ ದೀರ್ಘವಾಯಿತು. ಹಾಗಾಗಿ ತಣ್ಣಗಾದ ಕರುವಿಗಷ್ಟೇ ಅಲ್ಲ, ದಪ್ಪ ಹೊದಿಕೆಯಲ್ಲಿ ಸುತ್ತಿ ಮೈ ಕಾದ ಕರುವಿಗೂ ಒತ್ತಾಯದಿಂದ ಹೊಯ್ಯುವುದು ಅಪಾಯ. ಬೆರಳನ್ನು ಚೀಪದ ಬಾಯಿಗೆ ಬಾಟಲಿ ಬೇಡ. ಹೊಟ್ಟೆಗೆ ನಳಿಕೆ ಹಾಕಿ ಕುಡಿಸುವುದಿದ್ದರೂ ಕರು ಬೆಚ್ಚಗಾದ ಮೇಲೆ, ಹಾಕಲು ಬಲ್ಲವರಿಂದ ಮಾತ್ರ.

ಹಾಗಾದರೆ ಅಂಥ ಕರುವಿಗೆ ಮಾಡಬೇಕಾದದ್ದೇನು? ನನ್ನ ಕ್ರಮವನ್ನು ಹೇಳುತ್ತೇನೆ. 36 ಡಿಗ್ರಿಗೆ ಇಳಿದ ಕರುವನ್ನು ಕಂಡೊಡನೆ ಎಲ್ಲರ ಕೈಯೂ ಬೆಂಕಿಯ ಕಡೆಗೆ, ಬಿಸಿನೀರಿನ ಕಡೆಗೆ ಹೋಗುತ್ತದೆ. ಬಿಸಿ ಬೇಕು, ಆದರೆ ಸಕ್ಕರೆಯ ನಂತರ ಅಥವಾ ಸಕ್ಕರೆಯ ಜೊತೆಗೆ. ಕುರಿ ಸಾಕಣೆಯಲ್ಲಿ ಇದು ಹಳೆಯ, ಗಟ್ಟಿಯಾದ ನಿಯಮ: ಹುಟ್ಟಿ ಐದು ಗಂಟೆ ಕಳೆದ ಮರಿಯ ಉಷ್ಣಾಂಶ 37ಕ್ಕಿಂತ ಕೆಳಗಿದ್ದರೆ, ಕಾಯಿಸುವ ಮೊದಲು ಹೊಟ್ಟೆಯ ಕುಹರಕ್ಕೆ ಗ್ಲೂಕೋಸ್ ಚುಚ್ಚುತ್ತಾರೆ. ಹಾಗೆ ಮಾಡದೆ ಕಾಯಿಸಿದರೆ ಮೆದುಳು ಎಚ್ಚೆತ್ತು ಸಕ್ಕರೆ ಕೇಳುತ್ತದೆ, ರಕ್ತದಲ್ಲಿ ಇರುವುದಿಲ್ಲ, ಮರಿ ಸೆಟೆದುಕೊಂಡು ಸಾಯುತ್ತದೆ. ಹೊರಗಿನಿಂದ ಜೋರಾಗಿ ಕಾಯಿಸುವುದರಲ್ಲಿ ಮತ್ತೊಂದು ತೊಡಕೂ ಇದೆ: ಚರ್ಮದ ರಕ್ತನಾಳಗಳು ಒಮ್ಮೆಲೇ ಅರಳಿ ರಕ್ತ ಹೊರಮೈಗೆ ಹರಿದಾಗ, ಒತ್ತಡವನ್ನು ಕೂಡಲೇ ಸರಿಪಡಿಸುವ ಪ್ರತಿವರ್ತನ ಎಳೆಯ ಪ್ರಾಣಿಯಲ್ಲಿ ದುರ್ಬಲವಾಗಿರುವುದರಿಂದ ಒತ್ತಡ ಕುಸಿಯುತ್ತದೆ. ಕರುವಿಗೆ ರಕ್ತನಾಳದ ಮೂಲಕ ಬೆಚ್ಚಗಿನ ಡ್ರಿಪ್‌ನಲ್ಲಿ ಗ್ಲೂಕೋಸ್ ಕೊಡುತ್ತ, ಗಂಟೆಗೆ ಒಂದು ಡಿಗ್ರಿಯಷ್ಟು ಏರುವಂತೆ ನಿಧಾನವಾಗಿ ಕಾಯಿಸುವುದು ನನ್ನ ರೂಢಿ. ವೈದ್ಯರು ಬರುವವರೆಗೆ ನೀವು ಮಾಡಬಹುದಾದದ್ದು ಒದ್ದೆ ಮೈಯನ್ನು ಒರೆಸಿ ಒಣಗಿಸುವುದು, ಗಾಳಿಯಿಂದ ಮರೆಮಾಡುವುದು, ಕೆಳಗೆ ದಪ್ಪಗೆ ಹುಲ್ಲು ಹಾಸುವುದು, ಬಟ್ಟೆಯಲ್ಲಿ ಸುತ್ತಿದ ಬೆಚ್ಚಗಿನ ನೀರಿನ ಬಾಟಲಿಗಳನ್ನು ಎದೆಯ ಎರಡೂ ಬದಿಗೆ ಇಡುವುದು, ಒಸಡಿಗೆ ಗ್ಲೂಕೋಸಿನ ದ್ರಾವಣವನ್ನು ಸ್ವಲ್ಪ ಸವರುವುದು. ಕೊನೆಯದರಿಂದ ಸಿಗುವ ಆಸರೆ ಅಲ್ಪ, ಅದನ್ನೇ ಚಿಕಿತ್ಸೆ ಎಂದುಕೊಳ್ಳಬಾರದು. ಕರುವನ್ನು ಒಂದೇ ಮಗ್ಗುಲಿಗೆ ಬಿಡದೆ ಎದೆಯ ಮೇಲೆ ಕೂರಿಸಿದಂತೆ ಒರಗಿಸಿದರೆ ಎರಡೂ ಶ್ವಾಸಕೋಶಗಳಿಗೆ ಗಾಳಿ ಹೋಗುತ್ತದೆ.

ಆ್ಯಂಟಿಬಯೋಟಿಕ್ ಯಾವುದು, ಎಷ್ಟು, ಎಷ್ಟು ದಿನ ಎಂಬುದನ್ನು ಕರುವನ್ನು ನೋಡಿದವರೇ ನಿರ್ಧರಿಸಬೇಕು. ಮೂತ್ರಪಿಂಡ ಇನ್ನೂ ಪಕ್ವವಾಗಿಲ್ಲದ, ಮೈಯಲ್ಲಿ ನೀರು ಕಡಿಮೆಯಾದ ಪ್ರಾಣಿಗೆ ದೊಡ್ಡ ದನದ ಸೂಜಿಮದ್ದನ್ನು ಅಂದಾಜಿನಲ್ಲಿ ಕಡಿಮೆ ಮಾಡಿ ಹಾಕುವುದರಿಂದ ಮೂತ್ರಪಿಂಡ ಕೆಟ್ಟದ್ದನ್ನು ನೋಡಿದ್ದೇನೆ. ನಾನು ನಿಮ್ಮಿಂದ ಬಯಸುವುದು ಔಷಧಿಯ ಜ್ಞಾನವನ್ನಲ್ಲ, ಕರೆ ಮಾಡುವ ಹೊತ್ತನ್ನು. ಹಾಲು ಬಿಟ್ಟ ಸಂಜೆಯೇ ಆ ಹೊತ್ತು.

ಇನ್ನು ಜ್ವರದ ಔಷಧಿ. ನಿಮ್ಮ ಸತ್ತ ಕರುವಿಗೆ ಅದರಿಂದ ಯಾವ ಉಪಯೋಗವೂ ಆಗುತ್ತಿರಲಿಲ್ಲ, ಇಳಿಸಲು ಜ್ವರವೇ ಇರಲಿಲ್ಲ. ಜ್ವರ ಬಂದ ಮೊದಲ ಕರುವಿನ ಪ್ರಶ್ನೆ ಬೇರೆ. ಕರು ಎದ್ದು ನಿಲ್ಲುತ್ತ, ಹಾಲು ಕುಡಿಯುತ್ತ, 40ರ ಆಸುಪಾಸಿನ ಜ್ವರ ಹೊತ್ತಿದ್ದರೆ ಅದನ್ನು ಇಳಿಸಲು ನಾನು ಅವಸರಪಡುವುದಿಲ್ಲ. ಜ್ವರ ರೋಗಾಣುಗಳ ವಿರುದ್ಧದ ಹೋರಾಟಕ್ಕೆ ನೆರವಾಗುತ್ತದೆ, ಜೊತೆಗೆ ಆ್ಯಂಟಿಬಯೋಟಿಕ್ ಫಲ ಕೊಡುತ್ತಿದೆಯೇ ಎಂದು ನನಗೆ ತಿಳಿಸುವ ಸೂಚಕವೂ ಅದೇ. ನೋವು, ಉರಿಯೂತದಿಂದ ಹಾಲು ಬಿಟ್ಟಿದ್ದರೆ ಮೆಲಾಕ್ಸಿಕ್ಯಾಂನಂಥ ಔಷಧಿ ಕೊಡುತ್ತೇವೆ. ಕುಡಿಯುವ ಉತ್ಸಾಹ ಮರಳುವುದೂ ಉಂಟು. ಆದರೆ ಇದೇ ಗುಂಪಿನ ಔಷಧಿಗಳು ಮೂತ್ರಪಿಂಡಕ್ಕೆ ರಕ್ತ ಹರಿಯಲು ಬೇಕಾದ ಪ್ರೊಸ್ಟಾಗ್ಲಾಂಡಿನ್‌ಗಳನ್ನೂ ತಡೆಯುತ್ತವೆ, ನಾಲ್ಕನೇ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು. ಭೇದಿಯಾಗಿ ನೀರು ಕಳೆದುಕೊಂಡ, ಒಂದು ವಾರವೂ ತುಂಬದ ಕರುವಿನಲ್ಲಿ ಈ ಅಪಾಯ ಹೆಚ್ಚು. ಉಸಿರಾಟವನ್ನು ಮಂಕು ಮಾಡುವುದು ಪ್ರೊಸ್ಟಾಗ್ಲಾಂಡಿನ್ ಆದರೆ ಅದನ್ನು ತಡೆಯುವ ಔಷಧಿ ಉಸಿರಾಟವನ್ನೂ ಕಾಯಬಹುದಲ್ಲವೇ ಎಂದು ನೀವು ಕೇಳಬಹುದು. ತರ್ಕ ಸರಿಯಿದೆ, ಇಲಿಮರಿಗಳ ಪ್ರಯೋಗದಲ್ಲಿ ಅಂಥ ಔಷಧಿ ಆ ಪರಿಣಾಮವನ್ನು ತಗ್ಗಿಸಿದ್ದೂ ಉಂಟು, ಅಷ್ಟರಿಂದಲೇ ಕುಸಿಯುತ್ತಿರುವ ಕರುವಿಗೆ ಅದನ್ನು ಮನೆಯಲ್ಲೇ ಕೊಡಿ ಎನ್ನುವ ಧೈರ್ಯ ನನಗಿಲ್ಲ. 41 ದಾಟಿದರೆ ನೆರಳು, ಗಾಳಿ, ಹೊದಿಕೆ ತೆಗೆಯುವುದು, ಕಾಲುಗಳನ್ನು ಉಗುರುಬೆಚ್ಚಗಿನ ನೀರಿನಿಂದ ಒರೆಸುವುದು ಸಾಕು. ಮಂಜುಗಡ್ಡೆ, ತಣ್ಣೀರಿನ ಸ್ನಾನ ಬೇಡ. ಮನುಷ್ಯರ ಔಷಧಿಯ ಡಬ್ಬಿಯನ್ನಂತೂ ಕೊಟ್ಟಿಗೆಗೆ ತರಬೇಡಿ. ನಾಯಿಗೆ ಐಬುಪ್ರೊಫೆನ್, ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ.

ಈಗ ಹುಟ್ಟಿದ ರಾತ್ರಿಯ ಮಾತು. ಹಸುವಿನ ಗರ್ಭಕೋಶದೊಳಗೆ ತಾಯಿಯ ರಕ್ಷಕ ಪ್ರೋಟೀನುಗಳು ಕರುವಿಗೆ ದಾಟುವುದಿಲ್ಲ; ಕರು ಅವುಗಳಿಗೆ ಪೂರ್ತಿ ಗಿಣ್ಣು ಹಾಲನ್ನೇ ನೆಚ್ಚಿರುತ್ತದೆ. ಕರುಳು ಅವುಗಳನ್ನು ಇಡಿಯಾಗಿ ಹೀರಿಕೊಳ್ಳುವುದು ಮೊದಲ ಆರು ಗಂಟೆಗಳಲ್ಲಿ ಚೆನ್ನಾಗಿ, ಆಮೇಲೆ ಕಡಿಮೆಯಾಗುತ್ತ ಹೋಗಿ ಸುಮಾರು 24 ಗಂಟೆಗೆ ಆ ಬಾಗಿಲು ಮುಚ್ಚುತ್ತದೆ. ಕಷ್ಟದ ಹೆರಿಗೆಯಲ್ಲಿ ಹೆಚ್ಚು ಹೊತ್ತು ಆಮ್ಲಜನಕ ಸಿಗದ ಕರುವಿನ ರಕ್ತ ಆಮ್ಲೀಯವಾಗಿ ಚೀಪುವ ಪ್ರತಿವರ್ತನ ಮಂಕಾಗಿರುತ್ತದೆ, ಮೈ ಕಾಯಿಸಿಕೊಳ್ಳುವ ಶಕ್ತಿಯೂ ಕಡಿಮೆ. ಹೀಗೆ ಯಾವ ಕರುವಿಗೆ ಗಿಣ್ಣು ಹೆಚ್ಚು ಬೇಕೋ ಅದೇ ಕರು ತಾನಾಗಿ ಕುಡಿಯಲಾರದು. 30 ಕೆ.ಜಿ. ತೂಗುವ ಕರುವಿಗೆ ಮೊದಲ ಗಂಟೆಗಳಲ್ಲೇ ತೂಕದ ಹತ್ತರಲ್ಲೊಂದು ಪಾಲು, ಅಂದರೆ ಸುಮಾರು 3 ಲೀಟರ್, ಹೊಟ್ಟೆ ಸೇರಬೇಕು. ಕುಡಿಯದಿದ್ದರೆ ಬೆಳಗಿನವರೆಗೆ ಕಾಯದೆ ನಳಿಕೆ ಹಾಕಬಲ್ಲವರನ್ನು ಕರೆಸಿ. ಆಗತಾನೆ ಹುಟ್ಟಿ ಬೆಚ್ಚಗಿರುವ ಕರುವಿನಲ್ಲಿ ಗಿಣ್ಣು ದೊಡ್ಡ ಹೊಟ್ಟೆಗೆ ಬಿದ್ದರೂ ಕೆಲವು ಗಂಟೆಗಳಲ್ಲಿ ಮುಂದಕ್ಕೆ ಸಾಗುತ್ತದೆ, ನಾಲ್ಕನೇ ದಿನದ ತಣ್ಣನೆಯ ಕರುವಿನಂತಲ್ಲ. ಹೊಕ್ಕುಳಿನ ಬಳ್ಳಿಯನ್ನು ಹುಟ್ಟಿದ ಕೂಡಲೇ ಅಯೋಡಿನ್ ದ್ರಾವಣದಲ್ಲಿ ಅದ್ದುವುದು, ಕರುವನ್ನು ಒಣ ಹಾಸಿನ ಮೇಲೆ ಇಡುವುದು ನಿಮಗೆ ಗೊತ್ತಿರುವುದೇ.

ಮೊದಲ ವಾರ ದಿನಕ್ಕೆರಡು ಬಾರಿ ಕರುವಿನ ಬಳಿ ಐದು ನಿಮಿಷ ಕುಳಿತುಕೊಳ್ಳಿ. ಬೆರಳನ್ನು ಬಾಯಿಗಿಟ್ಟು ಚೀಪುವ ಬಲವನ್ನೂ ಬಾಯಿಯ ಬಿಸಿಯನ್ನೂ ನೋಡಿ. ಎಡ ಮೊಣಕೈಯ ಹಿಂದೆ ಅಂಗೈಯಿಟ್ಟು ಬಡಿತವನ್ನು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಪಕ್ಕೆಯ ಏರಿಳಿತವನ್ನು ಮಾತ್ರ ಪೂರ್ತಿ ಒಂದು ನಿಮಿಷ ನೋಡಬೇಕು, ಏಕೆಂದರೆ ನಡುವೆ ನಿಲ್ಲುವ ಉಸಿರು ಹದಿನೈದು ಸೆಕೆಂಡಿನ ಎಣಿಕೆಯಲ್ಲಿ ತಪ್ಪಿಹೋಗುತ್ತದೆ. ಥರ್ಮಾಮೀಟರ್ ಸೆಗಣಿಯೊಳಗೆ ನಿಲ್ಲದೆ ಕರುಳಿನ ಗೋಡೆಗೆ ತಾಗುವಂತೆ ಓರೆಯಾಗಿ ಇಡಿ. ಅಂಕಿಗಳನ್ನು ಬರೆದಿಟ್ಟುಕೊಂಡರೆ, ಒಂದು ಅಂಕಿಗಿಂತ ಅದು ಬೆಳಗಿನಿಂದ ಸಂಜೆಗೆ ಯಾವ ಕಡೆ ಸರಿಯಿತು ಎಂಬುದು ಫೋನಿನಲ್ಲಿ ನನ್ನಂಥವನಿಗೆ ಹೆಚ್ಚು ಹೇಳುತ್ತದೆ. ಬಡಿತ 90ಕ್ಕಿಂತ ಕೆಳಗಿದ್ದರೆ ಉಳಿದದ್ದೆಲ್ಲ ಸರಿ ಕಂಡರೂ ಕಾಯಬೇಡಿ.

ನಾಯಿಮರಿಗಳ ವಿಷಯದಲ್ಲಿ ಮಾತ್ರ ಈ ಅಂಕಿಗಳನ್ನು ಮರೆತುಬಿಡಿ. ಕರು ಹುಟ್ಟಿದ ಗಂಟೆಯೊಳಗೆ ಎದ್ದು ನಿಲ್ಲುವಷ್ಟು ಪಕ್ವವಾಗಿ ಬರುತ್ತದೆ. ನಾಯಿಮರಿ ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತದೆ, ಅದರ ಸ್ವಾಯತ್ತ ನರವ್ಯೂಹವೂ ಅಷ್ಟೇ ಎಳಸು. ಮೊದಲ ವಾರ ಅದಕ್ಕೆ ನಡುಗಲೂ ಬಾರದು. ಸಹಜ ಉಷ್ಣಾಂಶವೇ 35ರಿಂದ 37, ದೊಡ್ಡ ನಾಯಿಯ ಮಟ್ಟಕ್ಕೆ ಏರಲು ಸುಮಾರು ನಾಲ್ಕು ವಾರ ಬೇಕು. ಎದೆ ನಿಮಿಷಕ್ಕೆ 200ಕ್ಕೂ ಹೆಚ್ಚು ಬಾರಿ ಬಡಿಯುತ್ತದೆ. ಆ ಬಡಿತ ಕುಸಿದರೆ ಅದು ವೇಗಸ್ ನರದ ಕೆಲಸವಲ್ಲ, ಹೃದಯಕ್ಕೇ ಆಮ್ಲಜನಕ ಸಾಲದಿರುವುದರ ಗುರುತು. ಆದ್ದರಿಂದ ಹುಟ್ಟಿದ ಹೊಸದರಲ್ಲಿ ಬಡಿತ ಏರಿಸಲು, ವೇಗಸ್ ನರವನ್ನು ತಡೆಯುವ ಅಟ್ರೊಪಿನ್ ಔಷಧಿಯನ್ನು ಚುಚ್ಚುವುದರಲ್ಲಿ ಅರ್ಥವಿಲ್ಲ, ಮೂಗು ಬಾಯಿ ಸ್ವಚ್ಛ ಮಾಡಿ ಉಸಿರು ಕೊಡಬೇಕು. ಮೊದಲ ವಾರದ ಮರಿಯಲ್ಲಿ 39 ಕಂಡರೆ ನಾನು ಜ್ವರಕ್ಕಿಂತ ಮೊದಲು ಪೆಟ್ಟಿಗೆಯ ಮೇಲಿನ ದೀಪವನ್ನು ಸಂಶಯಿಸುತ್ತೇನೆ. ತಣ್ಣಗಾಗುವುದರ ಅಪಾಯ ಇನ್ನೂ ದೊಡ್ಡದು: ನಾಯಿಗಳ ಹರ್ಪಿಸ್ ವೈರಾಣು 37ಕ್ಕಿಂತ ಕೆಳಗಿನ ಮೈಯಲ್ಲಿ ಚೆನ್ನಾಗಿ ವೃದ್ಧಿಸುತ್ತದೆ, ತಣ್ಣಗೆ ಬಿಟ್ಟ ಮರಿ ಅದಕ್ಕೆ ಹದವಾದ ನೆಲ.

ಮರಿ ಹಾಕುವ ಪೆಟ್ಟಿಗೆಯ ಒಂದು ಭಾಗ ಮೊದಲ ವಾರ 29ರಿಂದ 32 ಡಿಗ್ರಿ ಇರಲಿ, ಇನ್ನೊಂದು ಮೂಲೆ ಅದಕ್ಕಿಂತ ತಂಪಾಗಿರಲಿ. ಸೆಕೆಯಾದ ಮರಿ ತೆವಳಿ ಅತ್ತ ಹೋಗಲು ಜಾಗ ಬೇಕು. 35ಕ್ಕಿಂತ ಕೆಳಗಿಳಿದ ಮರಿಗೆ ಹಾಲು ಕೊಡಬೇಡಿ, ಅದರ ಕರುಳು ನಿಂತಿರುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಪ್ರತಿದಿನ ಒಂದೇ ಹೊತ್ತಿಗೆ ಪ್ರತಿ ಮರಿಯನ್ನೂ ತೂಗಿ ಬರೆದಿಡಿ, ದಿನಕ್ಕೆ ಶೇ. 5ರಿಂದ 10ರಷ್ಟು ಏರಬೇಕು. ಮೊದಲ ದಿನ ಒಂದಿಷ್ಟು ಇಳಿದರೆ ಚಿಂತೆಯಿಲ್ಲ, ಎರಡನೇ ದಿನವೂ ಏರದಿದ್ದರೆ, ಅಥವಾ ರಾಶಿಯಿಂದ ಬೇರೆಯಾಗಿ ಒಂಟಿಯಾಗಿ ಮಲಗಿ ಸಣ್ಣಗೆ ಕುಂಯ್‌ಗುಟ್ಟುತ್ತಲೇ ಇದ್ದರೆ, ಥರ್ಮಾಮೀಟರ್ ಏನೇ ಹೇಳಲಿ, ಅಂದೇ ಮರಿಯನ್ನು ತಾಯಿಯ ಸಮೇತ ವೈದ್ಯರ ಬಳಿಗೆ ಒಯ್ಯಿರಿ.